ಒಳಿತಿನ ಬಲ, ಕೆಡುಕಿನ ಆಯುಷ್ಯ

2023ರ ಜುಲೈ ತಿಂಗಳ ಮೊದಲ ವಾರದಲ್ಲಿ, ಚಾತುರ್ಮಾಸ ಪ್ರಾರಂಭವಾಗಿ ಇನ್ನೂ ಕೆಲವೇ ದಿನಗಳಾಗಿದ್ದಾಗ, ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಹಿರೇಕೋಡಿ ಗ್ರಾಮದ ನಂದಿಪರ್ವತ ಆಶ್ರಮದಿಂದ ಪರಮಪೂಜ್ಯ ಆಚಾರ್ಯ ಶ್ರೀ 108 ಕಾಮಕುಮಾರನಂದಿ ಮಹಾರಾಜರು ಕಾಣೆಯಾದರು. ಜುಲೈ 8ರಂದು ರಾಯಬಾಗ ತಾಲೂಕಿನ ಖಟಕಬಾವಿಯಲ್ಲಿ ಪಾಳುಬಿದ್ದ ಕೊಳವೆಬಾವಿಯೊಂದರಿಂದ ಅವರ ದೇಹದ ಅವಶೇಷಗಳನ್ನು ಹೊರತೆಗೆಯಲಾಯಿತು. ಇಬ್ಬರ ಬಂಧನವಾಯಿತು. ಹಣಕಾಸಿನ ವಿಷಯವೇ ಕೃತ್ಯಕ್ಕೆ ಕಾರಣವೆಂದು ಪೊಲೀಸರು ಆಗ ತಿಳಿಸಿದರು. ಮುಂದೆ ತನಿಖೆಯನ್ನು ಸಿಐಡಿಗೆ ಒಪ್ಪಿಸಲಾಯಿತು. ಅಪರಾಧದ ನಿರ್ಣಯ ನ್ಯಾಯಾಲಯದ ಕಾರ್ಯ. ಅದು ಇಲ್ಲಿಯ ವಿಷಯವಲ್ಲ.

ಇಲ್ಲಿಯ ವಿಷಯ, ಆ ಸುದ್ದಿ ಬಂದಂದಿನಿಂದ ಶ್ರಾವಕರ ಮನೆಮನೆಗಳಲ್ಲಿ ಎದ್ದ ಪ್ರಶ್ನೆ. ಇರುವೆಗೂ ದಾರಿ ಬಿಟ್ಟು ನಡೆಯುವ ವ್ರತಧಾರಿಗೆ ಇಂಥ ಅಂತ್ಯ ಬರುವುದಾದರೆ ಒಳಿತಿಗೆ ಬಲವೆಂಬುದು ಎಲ್ಲಿದೆ? ಮಕ್ಕಳು ಕೇಳಿದರು, ಉತ್ತರ ಹೇಳಬೇಕಾದ ಹಿರಿಯರು ಎರಡೇ ಮಾತುಗಳಲ್ಲಿ ಒಂದನ್ನು ಹೇಳಿದರು. ಕೆಲವರು, ಕೊನೆಗೆ ಗೆಲ್ಲುವುದು ಒಳಿತೇ ಎಂದು ಸಮಾಧಾನ ಮಾಡಿದರು. ಕೆಲವರು, ಇದು ಪಂಚಮಕಾಲ, ಇದು ಕೆಟ್ಟವರ ಕಾಲ ಎಂದು ನಿಟ್ಟುಸಿರು ಬಿಟ್ಟರು. ಎರಡೂ ಮಾತುಗಳು ಬಾಯಿಗೆ ಸುಲಭವಾಗಿ ಬರುವಂಥವು. ಆದರೆ ಜಿನಾಗಮವು ಇವೆರಡರಲ್ಲಿ ಯಾವುದನ್ನೂ ಈ ರೂಪದಲ್ಲಿ ಹೇಳಿಲ್ಲ ಎಂಬುದನ್ನು ಗಮನಿಸಿದವರು ಕಡಿಮೆ.

ಮೊದಲನೆಯದಾಗಿ, ಪ್ರಶ್ನೆಯನ್ನು ಇಡುವ ರೀತಿಯಲ್ಲಿಯೇ ಒಂದು ತೊಡಕಿದೆ. ಒಳಿತು ಮತ್ತು ಕೆಡುಕು ಎಂಬ ಇಬ್ಬರು ಅರಸರು ರಣರಂಗದಲ್ಲಿ ಎದುರಾಗಿ ನಿಂತಿರುವಂತೆಯೂ, ಯಾರ ಸೈನ್ಯ ದೊಡ್ಡದೆಂಬುದೇ ಪ್ರಶ್ನೆಯೆಂಬಂತೆಯೂ ಕೇಳಲಾಗುತ್ತದೆ. ಕೆಲವು ಧರ್ಮಗಳಲ್ಲಿ ಕೆಡುಕಿಗೊಬ್ಬ ಒಡೆಯನಿದ್ದಾನೆ, ದೇವರಿಗೂ ಅವನಿಗೂ ಕಾಳಗವಿದೆ. ಜೈನದರ್ಶನದಲ್ಲಿ ಜಗತ್ಕರ್ತನಾದ ಈಶ್ವರನಿಲ್ಲದಂತೆ ಕೆಡುಕಿನ ಒಡೆಯನೂ ಇಲ್ಲ. ಮಿಥ್ಯಾತ್ವ, ಅವಿರತಿ, ಪ್ರಮಾದ, ಕಷಾಯ, ಯೋಗ ಇವು ಬಂಧಕ್ಕೆ ಕಾರಣಗಳು. ಇವೆಲ್ಲವೂ ಜೀವನದೇ ಪರಿಣಾಮಗಳು. ಹೊರಗಿನ ವೈರಿ ಯಾರೂ ಇಲ್ಲ. ಹಿಂಸೆಯ ಲಕ್ಷಣ ಹೇಳುವಾಗಲೂ ತತ್ತ್ವಾರ್ಥಸೂತ್ರವು ಪ್ರಾಣಹರಣಕ್ಕೆ ಮುನ್ನ ಪ್ರಮಾದವನ್ನು ಇರಿಸಿದೆ.

ಇದು ಒಣ ಶಾಸ್ತ್ರದ ಮಾತಲ್ಲ. ಬೆಳಗಾವಿಯ ಕೋಟೆಯ ಕುರಿತು ಜೈನರಲ್ಲಿ ಹಿಂದಿನಿಂದ ನಡೆದುಬಂದ ಐತಿಹ್ಯವೇ ಇದಕ್ಕೆ ನಿದರ್ಶನ. ದಕ್ಷಿಣದಿಂದ ಉತ್ತರಕ್ಕೆ ವಿಹಾರ ಮಾಡುತ್ತಿದ್ದ ಮುನಿಸಂಘವೊಂದು ಇಲ್ಲಿಯ ಕಾಡಿನಲ್ಲಿ ರಾತ್ರಿ ತಂಗಿತ್ತು. ಮುನಿಗಳ ಸಂಖ್ಯೆಯನ್ನು ಕೆಲವರು 101 ಎನ್ನುತ್ತಾರೆ, ಕೆಲವರು 108 ಎನ್ನುತ್ತಾರೆ. ಸುದ್ದಿ ತಿಳಿದ ಇಲ್ಲಿಯ ಅರಸನು ಬೆಳಗಾಗುವವರೆಗೆ ತಡೆಯಲಾರದೆ ಪಂಜುಗಳೊಡನೆ ರಾತ್ರಿಯೇ ದರ್ಶನಕ್ಕೆ ಹೋದನು. ಮುನಿಗಳು ಧ್ಯಾನದಲ್ಲಿದ್ದರು, ಮಾತಾಡಲಿಲ್ಲ. ಅರಸನ ಪರಿವಾರವು ಮರಳುವಾಗ ಪಂಜಿನ ಕಿಡಿ ಒಣಹುಲ್ಲಿಗೆ ತಗುಲಿತು. ರಾತ್ರಿ ಸ್ಥಳ ಬಿಟ್ಟು ಕದಲದ ನಿಯಮವಿದ್ದ ಮುನಿಗಳು ಕದಲಲಿಲ್ಲ. ಬೆಳಗಾಗುವಾಗ ಕಾಡು ಬೂದಿಯಾಗಿತ್ತು. ಪ್ರಾಯಶ್ಚಿತ್ತವಾಗಿ ಅರಸನು ಮುನಿಗಳ ಸಂಖ್ಯೆಯಷ್ಟೇ ಬಸದಿಗಳನ್ನು ಕಟ್ಟಿಸಿದನೆಂದು ಹೇಳುತ್ತಾರೆ. ಹೇಳುವವರಿಂದ ಹೇಳುವವರಿಗೆ ವಿವರಗಳು ಬದಲಾಗುತ್ತವೆ. ಇದನ್ನು ಇತಿಹಾಸವೆಂದು ಸಾಧಿಸುವ ಅಗತ್ಯವೂ ಇಲ್ಲ. ಆದರೆ ಈ ಕತೆಯನ್ನು ಉಳಿಸಿಕೊಂಡು ಬಂದವರು ಏನನ್ನು ಉಳಿಸಿಕೊಂಡರೆಂಬುದು ಮುಖ್ಯ. ಇದರಲ್ಲಿ ದುಷ್ಟನೇ ಇಲ್ಲ. ಅರಸನಿಗೆ ಇದ್ದುದು ಭಕ್ತಿ. ಅವನ ಭಕ್ತಿಯಲ್ಲಿ ಎಚ್ಚರವಿರಲಿಲ್ಲ, ಅಷ್ಟೇ. ಮುನಿಗಳು ವಿಶ್ರಮಿಸುವ ವೇಳೆಯೋ ಧ್ಯಾನಿಸುವ ವೇಳೆಯೋ ಎಂದು ನೋಡದೆ ಜನಸಂದಣಿಯೊಡನೆ ದರ್ಶನಕ್ಕೆ ಧಾವಿಸುವ ಶ್ರಾವಕರು ಇಂದಿಗೂ ಕಡಿಮೆಯಿಲ್ಲ. ಕತೆ ಅವರಿಗಾಗಿಯೇ ಉಳಿದಿದೆಯೆಂದರೂ ತಪ್ಪಿಲ್ಲ.

ಐತಿಹ್ಯದಿಂದ ಶಾಸನಕ್ಕೆ ಬಂದರೆ ನೆಲ ಗಟ್ಟಿಯಾಗುತ್ತದೆ. ವೇಣುಗ್ರಾಮವೆಂದು ಕರೆಯಲ್ಪಡುತ್ತಿದ್ದ ಈ ಊರನ್ನು ಸವದತ್ತಿಯ ರಟ್ಟರು ರಾಜಧಾನಿ ಮಾಡಿಕೊಂಡ ಮೇಲೆ, ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ರಟ್ಟ ಜಿನಾಲಯವನ್ನು ಕಟ್ಟಿಸಿದನು. ಅದರ ನಿರ್ವಹಣೆಗೆ ಶುಭಚಂದ್ರ ಭಟ್ಟಾರಕರಿಗೆ ದತ್ತಿಗಳನ್ನು ಬಿಡಲಾಯಿತು. ಆ ದತ್ತಿಗಳನ್ನು ಹೇಳುವ ಎರಡು ಶಿಲಾಶಾಸನಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಕೋಟೆಯೊಳಗಿನ ಕಮಲ ಬಸದಿ ಆ ಕಾಲದ ಕೊಡುಗೆ. ರಟ್ಟರ ಆಳ್ವಿಕೆ ಅದಾಗಿ ಕೆಲವೇ ದಶಕಗಳಲ್ಲಿ ಸೇವುಣರಿಂದ ಕೊನೆಗೊಂಡಿತು. 1472ರಲ್ಲಿ ಬಹಮನಿಯ ಮಹಮೂದ ಗಾವಾನ ಕೋಟೆಯನ್ನು ಹಿಡಿದನು. ಬಿಜಾಪುರದ ಆದಿಲಶಾಹಿಗಳು ಅದನ್ನು ಬಲಪಡಿಸಿದರು. 1818ರಲ್ಲಿ ಅದು ಇಂಗ್ಲಿಷರ ಕೈಸೇರಿತು. ಕೋಟೆಯ ಗೋಡೆಗಳಲ್ಲಿ ಅಲ್ಲಲ್ಲಿ ಕಾಣುವ ಕೆತ್ತನೆಯ ಕಲ್ಲುಗಳು ಒಂದು ಕಾಲದಲ್ಲಿ ದೇವಾಲಯಗಳಲ್ಲಿದ್ದವು. ಶಾಂತಿಗೆಂದು ಕಡೆದ ಕಲ್ಲು ಯುದ್ಧದ ಗೋಡೆಯಾಯಿತು. ಒಳಿತಿನ ಬಲವನ್ನು ಕಟ್ಟಡಗಳ ಲೆಕ್ಕದಲ್ಲಿ ಅಳೆಯುವವರು ಈ ಗೋಡೆಯ ಮುಂದೆ ನಿಂತು ಉತ್ತರ ಹೇಳಬೇಕಾಗುತ್ತದೆ.

ಇದೇ ಬೆಳಗಾವಿಯಲ್ಲಿ, 1924ರ ಡಿಸೆಂಬರಿನಲ್ಲಿ, ಮಹಾತ್ಮಾ ಗಾಂಧಿಯವರು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದರು. ಅವರು ಆ ಪದವಿಯಲ್ಲಿ ಕುಳಿತದ್ದು ಅದೊಂದೇ ಸಲ. ರತ್ನದ ವ್ಯಾಪಾರಿಯಾಗಿದ್ದ ಶ್ರೀಮದ್ ರಾಜಚಂದ್ರರಿಂದ ಅಹಿಂಸೆಯ ವಿಚಾರದಲ್ಲಿ ಬಹಳವನ್ನು ಪಡೆದ ಗಾಂಧೀಜಿಯವರಿಗೆ, ದಬ್ಬಾಳಿಕೆ ಎಷ್ಟೇ ಮೆರೆದರೂ ಇತಿಹಾಸದಲ್ಲಿ ಕಡೆಗೆ ಬಿದ್ದೇ ಬೀಳುತ್ತದೆಂಬ ನಂಬಿಕೆ ದೃಢವಾಗಿತ್ತು. ಆ ನಂಬಿಕೆ ದೊಡ್ಡದು. ಅದು ಕೋಟಿ ಜನರಿಗೆ ಧೈರ್ಯ ಕೊಟ್ಟಿತು. ಆದರೂ ರಾಜಚಂದ್ರರ ಆಗಮ ಈ ವಿಷಯದಲ್ಲಿ ಅವರಿಗಿಂತ ಕಠಿಣವಾಗಿದೆ. ದಬ್ಬಾಳಿಕೆಗಾರನು ಬೀಳುತ್ತಾನೆ ನಿಜ. ಅವನ ಜಾಗದಲ್ಲಿ ಮತ್ತೊಬ್ಬನು ಏಳುತ್ತಾನೆ. ಗಾಂಧೀಜಿಯವರೇ 1948ರ ಜನವರಿ 30ರಂದು ಗುಂಡಿಗೆ ಬಲಿಯಾದರು.

ಜಿನಾಗಮದ ಕಾಲಚಕ್ರದಲ್ಲಿ ಇತಿಹಾಸವು ಒಳಿತಿನ ಕಡೆಗೆ ನೇರವಾಗಿ ಸಾಗುವ ದಾರಿಯಲ್ಲ. ಅವಸರ್ಪಿಣಿಯ ಐದನೆಯ ಕಾಲವಾದ ದುಷಮವು 21,000 ವರ್ಷಗಳದು. ಭಗವಾನ್ ಮಹಾವೀರರ ನಿರ್ವಾಣದ 2,550ನೆಯ ವರ್ಷವನ್ನು ದೇಶವು 2024ರಲ್ಲಿ ಆಚರಿಸಿತು. ಎಂದರೆ ಇಳಿಜಾರಿನಲ್ಲಿ 18,000 ವರ್ಷಗಳಿಗೂ ಹೆಚ್ಚು ಕಾಲ ಇನ್ನೂ ಉಳಿದಿದೆ. ಅದರ ಮುಂದೆ ಅಷ್ಟೇ ಅವಧಿಯ ಆರನೆಯ ಕಾಲವಿದೆ. ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿಯು ಐದನೆಯ ಕಾಲದ ಕೊನೆಯನ್ನು ವರ್ಣಿಸುವ ಭಾಗವನ್ನು ಓದಿದವರಿಗೆ ಹಿರೇಕೋಡಿಯ ನೆನಪಾಗದೆ ಇರದು. ಅಂದು ಉಳಿದಿರುವವರು ನಾಲ್ವರು: ವೀರಾಂಗಜನೆಂಬ ಮುನಿ, ಸರ್ವಶ್ರೀ ಎಂಬ ಆರ್ಯಿಕೆ, ಒಬ್ಬ ಶ್ರಾವಕ, ಒಬ್ಬ ಶ್ರಾವಿಕೆ. ಕರ ಕೊಡದವರು ಯಾರಾದರೂ ಉಳಿದಿದ್ದಾರೆಯೇ ಎಂದು ಕಲ್ಕಿಯು ಕೇಳುತ್ತಾನೆ. ಮುನಿಯ ಅಂಗೈಗೆ ಬಿದ್ದ ಮೊದಲ ತುತ್ತನ್ನೇ ಕರವಾಗಿ ಕೇಳಲಾಗುತ್ತದೆ. ಮುನಿಯು ಅದನ್ನು ಕೊಟ್ಟು, ಅಂತರಾಯವೆಂದು ತಿಳಿದು, ಆಹಾರವಿಲ್ಲದೆ ಮರಳುತ್ತಾನೆ. ನಾಲ್ವರೂ ಸಲ್ಲೇಖನ ಸ್ವೀಕರಿಸುತ್ತಾರೆ. ಅಲ್ಲಿಗೆ ಈ ಭರತಕ್ಷೇತ್ರದಲ್ಲಿ ಧರ್ಮ ಮುಗಿಯುತ್ತದೆ. ಜಗತ್ತಿನಲ್ಲಿ ಒಳಿತೇ ಗೆಲ್ಲುವುದೆಂದು ಮಕ್ಕಳಿಗೆ ಹೇಳುವ ಮುನ್ನ ಹಿರಿಯರು ಇದನ್ನೊಮ್ಮೆ ನೆನೆಯುವುದು ಒಳ್ಳೆಯದು. ಆಚಾರ್ಯರು ಸುಳ್ಳು ಸಮಾಧಾನ ಹೇಳಲಿಲ್ಲ.

ಹಾಗಾದರೆ ನಿಟ್ಟುಸಿರು ಬಿಟ್ಟವರ ಮಾತೇ ನಿಜವೇ? ಅಲ್ಲ. ಅದಕ್ಕೆ ಕಾರಣವನ್ನು ಹುಡುಕಬೇಕಾದದ್ದು ಕಾಲಚಕ್ರದಲ್ಲಲ್ಲ, ಜೀವ ಮತ್ತು ಕರ್ಮಗಳ ಸಂಬಂಧದಲ್ಲಿ.

ಜೀವನಿಗೆ ಕರ್ಮಬಂಧವು ಎಂದು ಪ್ರಾರಂಭವಾಯಿತೆಂದು ಹೇಳಲಾಗದು, ಅದು ಅನಾದಿ. ಆದರೆ ಭವ್ಯಜೀವನ ವಿಷಯದಲ್ಲಿ ಅದಕ್ಕೆ ಅಂತ್ಯವುಂಟು. ಮೋಕ್ಷಕ್ಕೆ ಪ್ರಾರಂಭವುಂಟು, ಅಂತ್ಯವಿಲ್ಲ. ಒಂದು ಅನಾದಿ ಸಾಂತ, ಇನ್ನೊಂದು ಸಾದಿ ಅನಂತ. ಪಾಠಶಾಲೆಯಲ್ಲಿ ಕಂಠಪಾಠ ಮಾಡಿಸುವ ಈ ನಾಲ್ಕು ಶಬ್ದಗಳಲ್ಲಿ ಇಡೀ ಪ್ರಶ್ನೆಯ ಉತ್ತರ ಅಡಗಿದೆ. ಕೆಡುಕು ಎಷ್ಟೇ ಹಳೆಯದಾದರೂ ತೊಲಗಬಲ್ಲದು, ಮತ್ತು ಒಮ್ಮೆ ಸಂಪೂರ್ಣವಾಗಿ ತೊಲಗಿದರೆ ಮರಳಿ ಬರಲಾರದು. ಶುದ್ಧಾತ್ಮನ ಸ್ವಭಾವಕ್ಕೆ ಈ ಗತಿಯಿಲ್ಲ. ಅದನ್ನು ಮರೆಮಾಡಬಹುದು, ಅಳಿಸಲಾಗದು. ಖಾನಾಪುರದ ಗದ್ದೆಗಳನ್ನು ಬಲ್ಲವರಿಗೆ ಶಾಸ್ತ್ರಕಾರರು ಕೊಡುವ ಭತ್ತದ ದೃಷ್ಟಾಂತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಭತ್ತವೂ ಹೊಟ್ಟೂ ಯಾವಾಗ ಕೂಡಿದವೆಂದು ಕೇಳುವಂತಿಲ್ಲ. ಬೀಜದಿಂದ ಪೈರು, ಪೈರಿನಿಂದ ಬೀಜ ಎಂದು ಅದು ನಡೆದೇ ಬಂದಿದೆ. ಆದರೆ ಹೊಟ್ಟು ಬಿಡಿಸಿದ ಅಕ್ಕಿಯನ್ನು ಬಿತ್ತಿದರೆ ಮೊಳೆಯುವುದಿಲ್ಲ.

ಇನ್ನೊಂದು ಮಾತು ಇದಕ್ಕಿಂತಲೂ ಸೂಕ್ಷ್ಮವಾದುದು. ಜ್ಞಾನಾವರಣ ಕರ್ಮವು ಅತ್ಯಂತ ದಟ್ಟವಾಗಿರುವುದು ನಿಗೋದ ಜೀವಕ್ಕೆ. ಅಲ್ಲಿಯೂ ಜ್ಞಾನದ ಒಂದು ಅತ್ಯಲ್ಪ ಅಂಶ ಸದಾ ತೆರೆದೇ ಇರುತ್ತದೆ, ಅದನ್ನು ಮುಚ್ಚುವ ಶಕ್ತಿ ಯಾವ ಕರ್ಮಕ್ಕೂ ಇಲ್ಲವೆಂದು ಆಗಮ ಹೇಳುತ್ತದೆ. ಅದೂ ಮುಚ್ಚಿಹೋದರೆ ಜೀವವು ಅಜೀವವೇ ಆಗಬೇಕಾಗುತ್ತಿತ್ತು. ಹಾಗೆ ಆಗುವುದು ಅಸಂಭವ. ಕತ್ತಲೆಯ ಪೂರ್ಣವಿಜಯ ಎಂಬುದು ಲೋಕದ ರಚನೆಯಲ್ಲಿಯೇ ಇಲ್ಲ. ಬೆಳಕಿನ ಪೂರ್ಣವಿಜಯವಿದೆ, ಕೇವಲಜ್ಞಾನವೆಂದರೆ ಅದೇ. ಎಲ್ಲ ಜೀವಗಳೂ ಅಲ್ಲಿಗೆ ತಲುಪುತ್ತವೆಯೆಂದು ಮಾತ್ರ ಶಾಸ್ತ್ರ ಹೇಳುವುದಿಲ್ಲ. ಅಭವ್ಯಜೀವಗಳೂ ಇವೆ. ಈ ಕಹಿಯನ್ನು ಮುಚ್ಚಿಟ್ಟು ಸಿಹಿಯನ್ನಷ್ಟೇ ಬಡಿಸುವುದು ಪ್ರವಚನಕಾರರಿಗೆ ರೂಢಿಯಾಗಿಬಿಟ್ಟಿದೆ.

ಒಳಿತೆಂದರೆ ಪುಣ್ಯವೆಂದು ತಿಳಿದವರಿಗೂ ಇಲ್ಲಿ ಎಚ್ಚರಿಕೆ ಬೇಕು. ಸಮಯಸಾರದಲ್ಲಿ ಕುಂದಕುಂದಾಚಾರ್ಯರು ಪಾಪವನ್ನು ಕಬ್ಬಿಣದ ಸಂಕೋಲೆಗೂ ಪುಣ್ಯವನ್ನು ಚಿನ್ನದ ಸಂಕೋಲೆಗೂ ಹೋಲಿಸಿದ್ದಾರೆ. ಪುಣ್ಯಕ್ಕೂ ಪಾಪಕ್ಕೂ ನಡುವಿನ ಸ್ಪರ್ಧೆಯಲ್ಲಿ ಪುಣ್ಯ ಗೆದ್ದರೆ ಸ್ವರ್ಗ ದೊರೆಯಬಹುದು. ಅದೂ ಅವಧಿ ಮುಗಿಯುವವರೆಗೆ. ಬಲವಿರುವುದು ಶುದ್ಧೋಪಯೋಗಕ್ಕೆ. ಗೃಹಸ್ಥನಿಗೆ ಪುಣ್ಯವು ದಾರಿಯ ಬುತ್ತಿ ಎಂಬುದೂ ಅಷ್ಟೇ ನಿಜ. ಗುರಿ ದೂರವೆಂದು ಬುತ್ತಿಯನ್ನು ಎಸೆಯುವುದು ಜಾಣತನವಲ್ಲ.

ಇನ್ನು ಪೇಟೆಯಲ್ಲಿ ಕುಳಿತವರೆಲ್ಲರೂ ಕೇಳುವ ಪ್ರಶ್ನೆಯೊಂದಿದೆ. ತೂಕದಲ್ಲಿ ಮೋಸ ಮಾಡುವವನ ಅಂಗಡಿಯೇ ಬೆಳೆಯುತ್ತದೆ, ಸಾಚಾ ವ್ಯಾಪಾರಿಯು ಸಾಲದಲ್ಲಿ ಬೀಳುತ್ತಾನೆ, ಇದೇಕೆ? ಇದಕ್ಕೆ ಶಾಸ್ತ್ರದ ಉತ್ತರ ಪಾಪಾನುಬಂಧಿ ಪುಣ್ಯ ಮತ್ತು ಪುಣ್ಯಾನುಬಂಧಿ ಪಾಪ ಎಂಬ ಭೇದದಲ್ಲಿದೆ. ಲೆಕ್ಕಪತ್ರ ಬಲ್ಲವರಿಗೆ ಇದು ಕಠಿಣವಲ್ಲ. ಒಂದು ವರ್ಷದ ಲಾಭನಷ್ಟದ ಪಟ್ಟಿಯನ್ನು ಮಾತ್ರ ನೋಡಿ ಅಂಗಡಿಯ ಸ್ಥಿತಿ ಹೇಳಲಾಗದು. ಹಿಂದಿನ ವರ್ಷದಿಂದ ಬಂದ ಆರಂಭದ ಶಿಲ್ಕು ಎಷ್ಟಿತ್ತು, ಈ ವರ್ಷ ಹೊಸದಾಗಿ ತಲೆಯ ಮೇಲೆ ಬಂದ ಸಾಲವೆಷ್ಟು ಎಂಬುದನ್ನೂ ನೋಡಬೇಕು. ಮೋಸಗಾರನು ಖರ್ಚು ಮಾಡುತ್ತಿರುವುದು ಹಳೆಯ ಶಿಲ್ಕನ್ನು. ಆದರೆ ಈ ಸಿದ್ಧಾಂತವನ್ನು ದುರುಪಯೋಗ ಮಾಡುವವರೂ ಇದ್ದಾರೆ. ಕಷ್ಟದಲ್ಲಿರುವವರ ಮನೆಯ ಜಗಲಿಯಲ್ಲಿ ಕುಳಿತು, ಇದು ನಿಮ್ಮ ಪೂರ್ವಕರ್ಮದ ಉದಯ ಎಂದು ಹೇಳಿ ಎದ್ದು ಹೋಗುವವರು ಸಿದ್ಧಾಂತವನ್ನು ಕೈಯಲ್ಲಿ ಹಿಡಿದಿರುವುದು ದೀಪವಾಗಿ ಅಲ್ಲ, ಕಲ್ಲಾಗಿ. ಹಿರೇಕೋಡಿಯ ಘಟನೆಯ ಬಗ್ಗೆಯೂ ಇಂಥ ಮಾತು ಅಲ್ಲಲ್ಲಿ ಕೇಳಿಬಂತು. ಕೊಂದವನ ಕೃತ್ಯವು ಕೊಲ್ಲಲ್ಪಟ್ಟವರ ಕರ್ಮೋದಯದ ಹೆಸರಿನಲ್ಲಿ ಹಗುರವಾಗುವುದಿಲ್ಲ. ಪರಿಣಾಮ ಅವನದು, ಬಂಧವೂ ಅವನದೇ.

ಒಳಿತಿಗೆ ಎಷ್ಟು ಬಲವಿದೆ, ಎಲ್ಲಿಯವರೆಗೆ ಇದೆ ಎಂಬುದನ್ನು ಅಳೆದು ಹೇಳಿದ ಕತೆ ಶ್ರೇಣಿಕ ಮಹಾರಾಜನದು. ರಾಣಿ ಚೇಲನೆಯ ಜಿನಭಕ್ತಿಯನ್ನು ಹೀಯಾಳಿಸುತ್ತಿದ್ದ ಶ್ರೇಣಿಕನು ಬೇಟೆಯಿಂದ ಮರಳುವಾಗ, ಧ್ಯಾನದಲ್ಲಿದ್ದ ಯಶೋಧರ ಮುನಿಯ ಕೊರಳಿಗೆ ಸತ್ತ ಹಾವನ್ನು ಹಾಕಿದನು. ಆ ಕ್ರೂರ ಪರಿಣಾಮದಿಂದ ಏಳನೆಯ ನರಕದ 33 ಸಾಗರೋಪಮ ಆಯುಷ್ಯದ ಬಂಧವಾಯಿತು. ವಿಷಯ ತಿಳಿದ ಚೇಲನೆಯು ಅವನನ್ನೂ ಕರೆದುಕೊಂಡು ಮುನಿಯ ಬಳಿಗೆ ಹೋದಳು. ಇಷ್ಟು ದಿನವಾದರೂ ಮುನಿ ಅಲ್ಲಿಯೇ ಇರುವನೇ ಎಂದು ರಾಜನಿಗೆ ಸಂಶಯ. ಮುನಿಯು ಅಲ್ಲಿಯೇ, ಹಾಗೆಯೇ ಇದ್ದನು. ಮೈಗೆಲ್ಲ ಇರುವೆಗಳು ಮುತ್ತಿದ್ದವು. ರಾಣಿಯು ಹಾವನ್ನು ತೆಗೆದು, ಇರುವೆಗಳಿಗೂ ನೋವಾಗದಂತೆ ಮೈಯನ್ನು ಶುಚಿಗೊಳಿಸಿದಳು. ಉಪಸರ್ಗ ನೀಗಿದ ಮೇಲೆ ಕಣ್ತೆರೆದ ಮುನಿಯು ಇಬ್ಬರಿಗೂ ಒಂದೇ ಧರ್ಮವೃದ್ಧಿಯ ಆಶೀರ್ವಾದ ಮಾಡಿದನು. ಹಾವು ಹಾಕಿದವನಿಗೂ ತೆಗೆದವಳಿಗೂ ಒಂದೇ. ಶ್ರೇಣಿಕನು ಕರಗಿದ್ದು ಅಲ್ಲಿ. ಮುಂದೆ ಅವನಿಗೆ ಮಹಾವೀರ ಸ್ವಾಮಿಯ ಸನ್ನಿಧಿಯಲ್ಲಿ ಕ್ಷಾಯಿಕ ಸಮ್ಯಕ್ತ್ವ ದೊರೆಯಿತು.

ಇಲ್ಲಿ ಲೆಕ್ಕವನ್ನು ನೋಡಬೇಕು. ಏಳನೆಯ ನರಕದ 33 ಸಾಗರೋಪಮವು ಮೊದಲನೆಯ ನರಕದ 84,000 ವರ್ಷಕ್ಕೆ ಇಳಿಯಿತು. ಒಂದು ಸಾಗರೋಪಮಕ್ಕೆ ವರ್ಷಗಳು ಎಷ್ಟೆಂಬುದನ್ನು ಸಂಖ್ಯೆಯಲ್ಲಿ ಬರೆಯಲಾಗದು. ಅದರ ಮುಂದೆ 84,000 ವರ್ಷ ಏನೂ ಅಲ್ಲ. ಒಳಿತಿನ ಬಲ ಅಂಥದು. ಆದರೆ ಅದು ಸೊನ್ನೆಗೆ ಇಳಿಯಲಿಲ್ಲ. ನರಕಾಯುಷ್ಯದ ಬಂಧವಾದ ಮೇಲೆ ನರಕಕ್ಕೆ ಹೋಗುವುದು ತಪ್ಪದು, ತೀರ್ಥಂಕರ ನಾಮಕರ್ಮವನ್ನು ಕಟ್ಟಿಕೊಂಡವನಿಗೂ ತಪ್ಪದು. ಸಾಲದ ಬಡ್ಡಿಯೆಲ್ಲ ಮನ್ನಾ ಆಗಿ ಅಸಲಿನ ಒಂದು ಚೂರನ್ನು ಕಟ್ಟಲೇಬೇಕಾಗಿ ಬಂದಂತೆ. ಶಾಸ್ತ್ರಕಾರರು ರಾಜನೆಂದು, ಭಕ್ತನೆಂದು ರಿಯಾಯಿತಿ ತೋರಲಿಲ್ಲ. ಆ ಅವಧಿ ಮುಗಿದ ಮೇಲೆ ಅದೇ ಶ್ರೇಣಿಕನ ಜೀವವು ಬರುವ ಉತ್ಸರ್ಪಿಣಿಯ ಮೊದಲ ತೀರ್ಥಂಕರ ಮಹಾಪದ್ಮನಾಗುತ್ತದೆ. ಧರ್ಮ ಮುಗಿದುಹೋದ ಭರತಕ್ಷೇತ್ರದಲ್ಲಿ ಅದನ್ನು ಮರಳಿ ಪ್ರವರ್ತಿಸುವವನು, ಒಮ್ಮೆ ಮುನಿಯ ಕೊರಳಿಗೆ ಸತ್ತ ಹಾವು ಹಾಕಿದವನು. ಕಮಲ ಬಸದಿಯ ಛಾವಣಿಯಿಂದ ಇಳಿಬಿದ್ದಿರುವ ಶಿಲಾಕಮಲದ 72 ದಳಗಳು ಭೂತ, ವರ್ತಮಾನ, ಭವಿಷ್ಯತ್ತುಗಳ 72 ತೀರ್ಥಂಕರರನ್ನು ಸೂಚಿಸುತ್ತವೆಂದು ಹೇಳುತ್ತಾರೆ. ಹಾಗಾದರೆ ಅವುಗಳಲ್ಲಿ ಒಂದು ದಳ ಅವನದು. ಕೆಳಗೆ ನಿಂತು ಕತ್ತೆತ್ತಿ ನೋಡುವವರು ಶಿಲ್ಪವನ್ನು ಮೆಚ್ಚುತ್ತಾರೆ. ಆ ದಳವನ್ನು ನೆನೆಯುವವರು ವಿರಳ.

ಭಗವಾನ್ ಪಾರ್ಶ್ವನಾಥರ ಪೂರ್ವಭವಗಳಲ್ಲಿಯೂ ಇದೇ ಲೆಕ್ಕವಿದೆ. ಮರುಭೂತಿಯ ಜೀವವನ್ನು ಕಮಠನ ಜೀವವು ಕಲ್ಲಿನಿಂದ, ವಿಷದಿಂದ, ಬಾಣದಿಂದ, ಸಿಂಹದ ಉಗುರಿನಿಂದ ಭವಭವಗಳಲ್ಲಿ ಐದು ಸಲ ಕೊಂದಿತು. ಐದಕ್ಕೆ ಐದೂ ಕೆಡುಕಿನದೇ ಗೆಲುವು. ಹತ್ತನೆಯ ಭವದಲ್ಲಿ ಪಾರ್ಶ್ವನಾಥರಿಗೆ ಉಪಸರ್ಗದ ನಡುವೆಯೇ ಕೇವಲಜ್ಞಾನವಾಯಿತು, ಉಪಸರ್ಗ ಮಾಡಿದ ಸಂಬರದೇವನಿಗೂ ಸಮ್ಯಕ್ತ್ವ ದೊರೆಯಿತು. ಗೆದ್ದವರು ಇಬ್ಬರೂ.

ಇಷ್ಟು ಹೇಳಿದ ಮೇಲೂ ಖಾನಾಪುರ ತಾಲೂಕಿನ ಹಲಸಿಯನ್ನು ಬಿಟ್ಟರೆ ವಿಷಯ ಅಪೂರ್ಣವಾಗುತ್ತದೆ. ಕದಂಬರ ಕಾಲದಲ್ಲಿ ಪಲಾಶಿಕಾ ಎನಿಸಿದ್ದ ಆ ಊರಿನ ಚಕ್ರತೀರ್ಥವೆಂಬ ಬಾವಿಯ ಬಳಿ ದೊರೆತ ತಾಮ್ರಶಾಸನಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜೆ. ಎಫ್. ಫ್ಲೀಟರು ಪ್ರಕಟಿಸಿದರು. ಕಾಕುಸ್ಥವರ್ಮನು ಸೇನಾಪತಿ ಶ್ರುತಕೀರ್ತಿಗೆ ಕ್ಷೇತ್ರದಾನ ಮಾಡಿದ್ದು, ಮೃಗೇಶವರ್ಮನು ತಂದೆಯ ನೆನಪಿಗೆ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕ ಸಂಘಗಳಿಗೆ 33 ನಿವರ್ತನ ಭೂಮಿಯನ್ನು ಕೊಟ್ಟದ್ದು ಅವುಗಳಿಂದ ತಿಳಿಯುತ್ತದೆ. ರವಿವರ್ಮನ ಕಾಲದ ಶಾಸನವೊಂದರಲ್ಲಿ ಎರಡು ವ್ಯವಸ್ಥೆಗಳಿವೆ: ಗ್ರಾಮವೊಂದರ ಉತ್ಪನ್ನದಿಂದ ಪ್ರತಿವರ್ಷ ಕಾರ್ತೀಕ ಹುಣ್ಣಿಮೆಗೆ ಎಂಟು ದಿನಗಳ ಜಿನೇಂದ್ರ ಮಹೋತ್ಸವ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳ ಪೋಷಣೆಯಾಗಬೇಕು.

ಅದಾಗಿ ಸುಮಾರು 1,500 ವರ್ಷಗಳು. ಕದಂಬರು ಇಲ್ಲ. ಯಾಪನೀಯ ಸಂಘ, ಕೂರ್ಚಕ ಸಂಘ ಎರಡೂ ಇಲ್ಲ. ದಾನ ಕೊಟ್ಟ ಭೂಮಿ ಯಾರ ಯಾರ ಕೈ ದಾಟಿತೋ. ದಾನವನ್ನು ಅಪಹರಿಸುವವರಿಗೆ ಶಾಪವನ್ನೂ ಬರೆದು ಕಾದಿಡಲು ಮಾಡಿದ ತಾಮ್ರದ ಹಲಗೆಗಳೇ ನೆಲದಲ್ಲಿ ಹೂತುಹೋಗಿದ್ದವು. ಆದರೆ ಕಾರ್ತೀಕ ಶುಕ್ಲ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ಎಂಟು ದಿನ ಅಷ್ಟಾಹ್ನಿಕ ಪರ್ವ ಬೆಳಗಾವಿಯ ಬಸದಿಗಳಲ್ಲಿ ಇಂದಿಗೂ ನಡೆಯುತ್ತದೆ. ಮಳೆಗಾಲದ ನಾಲ್ಕು ತಿಂಗಳು ಮುನಿಸಂಘವನ್ನು ಊರಿನಲ್ಲಿ ನಿಲ್ಲಿಸಿಕೊಂಡು ಆಹಾರದಾನ ಮಾಡುವ ಶ್ರಾವಕರು ಇಂದಿಗೂ ಇದ್ದಾರೆ. ಅರಸನ ಆಜ್ಞೆಯಿಂದ ಇದು ಉಳಿಯಲಿಲ್ಲ, ಶಾಪದಿಂದಲೂ ಉಳಿಯಲಿಲ್ಲ. ಪ್ರತಿವರ್ಷ ಯಾರೋ ಕೆಲವರು ಅಕ್ಕಿ ಬೇಳೆ ತಂದುಕೊಟ್ಟು, ಬೆಳಗ್ಗೆ ಎದ್ದು ಅಭಿಷೇಕಕ್ಕೆ ನೀರು ತಂದು, ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋದದ್ದರಿಂದ ಉಳಿಯಿತು. ಇದೇ ಮಳೆಗಾಲದ ನಾಲ್ಕು ತಿಂಗಳಲ್ಲಿ, ಇದೇ ಜಿಲ್ಲೆಯಲ್ಲಿ, 2023ರಲ್ಲಿ ಒಬ್ಬ ತಪಸ್ವಿಯ ರಕ್ಷಣೆಯಾಗಲಿಲ್ಲ ಎಂಬುದು ಈ ಕಾರಣಕ್ಕಾಗಿಯೇ ಹೆಚ್ಚು ನೋವಿನ ಸಂಗತಿ. ಆ ಸರಪಳಿಯಲ್ಲಿ ಒಂದು ಕೊಂಡಿ ಕಳಚಿತು.

ಘಟನೆಯ ನಂತರ ಸಮಾಜ ನಡೆದುಕೊಂಡ ರೀತಿಯನ್ನು ಇಲ್ಲಿ ನೆನೆಯಬೇಕು. ಹಲವು ಊರುಗಳಲ್ಲಿ ಜನ ಶಾಂತಿಯುತವಾಗಿ ಮೆರವಣಿಗೆ ಮಾಡಿದರು. ಹುಬ್ಬಳ್ಳಿ ಸಮೀಪದ ವರೂರಿನಲ್ಲಿ ಪೂಜ್ಯ ಗುಣಧರನಂದಿ ಮಹಾರಾಜರು ಮುನಿಗಳ ರಕ್ಷಣೆಗಾಗಿ ಉಪವಾಸ ಕೈಗೊಂಡು, ರಾಜ್ಯದ ಗೃಹಸಚಿವರು ಬಂದು ಭರವಸೆ ಕೊಟ್ಟ ಮೇಲೆ ನಿಲ್ಲಿಸಿದರು. ಕೋಪ ಇರಲಿಲ್ಲವೆಂದಲ್ಲ. ಬಹಳವಿತ್ತು, ಅದನ್ನು ಊದಿ ಉರಿಸಲು, ಒಂದು ಜನಾಂಗದ ಮೇಲೆ ತಿರುಗಿಸಲು ಕಾದವರೂ ಇದ್ದರು. ಹನ್ನೊಂದನೆಯ ಗುಣಸ್ಥಾನದ ಉಪಶಾಂತಮೋಹನು ಕಷಾಯವನ್ನು ಅದುಮಿದವನು, ಅವನು ಬಿದ್ದೇ ಬೀಳುತ್ತಾನೆ. ಹನ್ನೆರಡನೆಯದರ ಕ್ಷೀಣಮೋಹನು ಅದನ್ನು ಬೇರುಸಹಿತ ಕಿತ್ತವನು, ಅವನಿಗೆ ಬೀಳುವಿಕೆಯಿಲ್ಲ. ಗೃಹಸ್ಥನು ಆ ಎತ್ತರದಲ್ಲಿ ಇಲ್ಲವೆಂಬುದು ಸರಿ. ಆದರೆ ಅದುಮಿಟ್ಟ ದ್ವೇಷವನ್ನು ಕ್ಷಮೆಯೆಂದು ಕರೆದುಕೊಳ್ಳುವ ಸಮಾಜಕ್ಕೆ ಆ ಭೇದ ತಿಳಿದಿರಬೇಕು.

ಕ್ಷಮೆಯೆಂದರೆ ಕೈಕಟ್ಟಿ ಕೂರುವುದೆಂದೂ ಅರ್ಥವಲ್ಲ. ಶ್ರಾವಕನು ಸಂಪೂರ್ಣವಾಗಿ ತ್ಯಜಿಸಬೇಕಾದದ್ದು ಸಂಕಲ್ಪೀ ಹಿಂಸೆಯನ್ನು. ಧರ್ಮ, ಸಾಧು, ಕುಟುಂಬ, ದೇಶ ಇವುಗಳ ರಕ್ಷಣೆಯಲ್ಲಿ ಅನಿವಾರ್ಯವಾಗುವ ವಿರೋಧೀ ಹಿಂಸೆಯನ್ನು ಆಚಾರ್ಯರು ಅವನಿಗೆ ನಿಷೇಧಿಸಲಿಲ್ಲ. ಪಲಾಶಿಕೆಯ ಶ್ರುತಕೀರ್ತಿ ಸೇನಾಪತಿಯಾಗಿದ್ದನು. ವೇಣುಗ್ರಾಮದ ಬೀಚಿರಾಜನು ರಾಜ್ಯದ ಮಂತ್ರಿಯಾಗಿದ್ದನು. ಅಪರಾಧಿಗೆ ಕಾನೂನಿನ ಶಿಕ್ಷೆಯಾಗಬೇಕೆಂದು ಕೇಳುವುದರಲ್ಲಿ ಅಹಿಂಸೆಗೆ ಭಂಗವಿಲ್ಲ. ಮುನಿಯ ಒಳಿತಿಗೆ ಹೊರಗಿನ ಕಾವಲು ಬೇಡ, ಅದು ಅವರ ಆತ್ಮದಲ್ಲಿದೆ. ಆದರೆ ಮುನಿಯ ಶರೀರಕ್ಕೆ, ಸಂಘಕ್ಕೆ, ಬಸದಿಗೆ ಕಾವಲು ಬೇಕು. ಅದು ಶ್ರಾವಕರ ಹೊಣೆ, ಹಾಗೂ ಆ ಹೊಣೆಯಲ್ಲಿ ಲೋಪವಾದಾಗ ಅದನ್ನು ಪಂಚಮಕಾಲದ ತಲೆಗೆ ಕಟ್ಟುವುದು ನ್ಯಾಯವಲ್ಲ.

ಬಸದಿಗಳ ಹಾಗೂ ಆಶ್ರಮಗಳ ಟ್ರಸ್ಟುಗಳು ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಆಶ್ರಮದ ಕೊಡುಕೊಳ್ಳುವಿಕೆ, ಠೇವಣಿ, ಕಟ್ಟಡದ ಲೆಕ್ಕ ಇವುಗಳಲ್ಲಿ ಒಂದು ಕಾಸೂ ತ್ಯಾಗಿಗಳ ಹೆಸರಿನಲ್ಲಿ ಉಳಿಯದಂತೆ ವಿಶ್ವಸ್ಥರೇ ಹೊತ್ತುಕೊಳ್ಳಬೇಕು. ಹಣ ಕೇಳಲು ಬಂದವನು, ಹಣ ಮರಳಿಸಬೇಕಾದವನು ಟ್ರಸ್ಟಿನ ಕಚೇರಿಗೆ ಹೋಗಬೇಕೇ ಹೊರತು ಮುನಿಯ ಕುಟೀರಕ್ಕಲ್ಲ. ಒಬ್ಬಂಟಿಯಾಗಿ ನೆಲೆಸಿರುವ ತ್ಯಾಗಿಗಳ ಬಳಿ ರಾತ್ರಿ ಇಬ್ಬರು ಶ್ರಾವಕರಾದರೂ ತಂಗುವಂತೆ ಪಾಳಿ ಹಾಕಬೇಕು. ವಿಹಾರದ ಮಾರ್ಗವನ್ನು ಮುಂಚಿತವಾಗಿ ಪೊಲೀಸ್ ಠಾಣೆಗೆ ತಿಳಿಸಬೇಕು; ಹೆದ್ದಾರಿಯಲ್ಲಿ ಮಬ್ಬುಗತ್ತಲೆಯ ನಡಿಗೆಯಾದರೆ ಹಿಂದೆಯೂ ಮುಂದೆಯೂ ಜನ ಇರಬೇಕು. ಆಷಾಢ ಶುಕ್ಲ ಚತುರ್ದಶಿಗೆ ಮುಂಚೆ ಚಾತುರ್ಮಾಸ ಸಮಿತಿಗಳು ಸಭೆ ಸೇರಿ ಕಲಶದ ಸವಾಲು, ಪೆಂಡಾಲು, ಊಟದ ವ್ಯವಸ್ಥೆಗಳನ್ನು ಗೊತ್ತುಪಡಿಸುವಾಗ ಈ ವಿಷಯವನ್ನೂ ಸಭೆಯ ಮುಂದಿಟ್ಟು, ಯಾವ ರಾತ್ರಿಯ ಪಾಳಿ ಯಾವ ಮನೆಯದೆಂದು ಹೆಸರು ಹಿಡಿದು ಬರೆದಿಡುವುದು ಅಗತ್ಯ.